ರಿಸರ್ವ್ ಬ್ಯಾಂಕಿನ ರಾಷ್ಟ್ರೀಕರಣ: ಒಡೆತನವೂ ಅಧಿಕಾರವೂ

ಭಾರತದ ರಿಸರ್ವ್ ಬ್ಯಾಂಕು ೧೯೩೫ನೆಯ ಇಸವಿ ಏಪ್ರಿಲ್ ೧ರಂದು ಕಾರ್ಯಾರಂಭ ಮಾಡಿದಾಗ ಷೇರುದಾರರ ಸಂಸ್ಥೆಯಾಗಿದ್ದಿತು. ಅದರ ಮೂಲಧನವಾದ ೫ ಕೋಟಿ ರೂಪಾಯಿಗಳನ್ನು ನೂರು ರೂಪಾಯಿಗಳ ೫ ಲಕ್ಷ ಷೇರುಗಳಾಗಿ ವಿಭಾಗಿಸಿದ್ದರು. ೧೯೪೯ನೆಯ ಜನವರಿ ೧ರಂದು ಆ ಷೇರುಗಳೆಲ್ಲವೂ ಕೇಂದ್ರ ಸರ್ಕಾರದ ಸ್ವತ್ತಾದುವು. ಇದರಿಂದ ನಿಜವಾಗಿ ಕೈಬದಲಾದುದೇನು ಎಂಬುದು ವಿಚಾರಾರ್ಹವಾಗಿದೆ.

ಒಡೆತನದ ವಿವಾದವು ಬ್ಯಾಂಕಿಗಿಂತಲೂ ಹಳೆಯದು. ೧೯೨೬ರಲ್ಲಿ ಹಿಲ್ಟನ್ ಯಂಗ್ ಆಯೋಗವು ಷೇರುದಾರರ ಬ್ಯಾಂಕೇ ಯುಕ್ತವೆಂದು ಸಲಹೆಯಿತ್ತಿತು. ನಾಣ್ಯವ್ಯವಸ್ಥೆಯು ರಾಜಕಾರಣದ ಸೆಳೆತಕ್ಕೆ ಸಿಲುಕಬಾರದೆಂಬುದು ಈ ಪಕ್ಷದವರ ವಾದ. ಮರುವರ್ಷ ಮಸೂದೆಯನ್ನು ಪರಿಶೀಲಿಸಿದ ಶಾಸನಸಭೆಗಳ ಸಮಿತಿಯು ಸರ್ಕಾರಿ ಬ್ಯಾಂಕನ್ನೇ ಬಯಸಿತು. ಮತಭೇದಗಳು ಬಗೆಹರಿಯದೆ ಮಸೂದೆಯು ನಿಂತುಹೋಯಿತು. ೧೯೩೪ರ ಶಾಸನದಲ್ಲಿ ಷೇರುದಾರರ ಪಕ್ಷವೇ ಗೆದ್ದಿತು.

ಆದರೆ ಆ ಗೆಲವು ಬಹುಮಟ್ಟಿಗೆ ಹೆಸರಿನದು. ಐದು ಷೇರುಗಳಿಗೆ ಒಂದು ಮತ. ಎಷ್ಟು ಷೇರುಗಳಿದ್ದರೂ ಒಬ್ಬನಿಗೆ ಹತ್ತಕ್ಕೆ ಮೀರಿ ಮತಗಳಿಲ್ಲ. ಲಾಭಾಂಶಕ್ಕೆ ಶಾಸನವೇ ಮಿತಿಯನ್ನು ಗೊತ್ತುಮಾಡಿದ್ದಿತು. ಮಿಕ್ಕುದು ಬೊಕ್ಕಸಕ್ಕೆ ಸೇರತಕ್ಕದ್ದು. ಗವರ್ನರರ ನೇಮಕವೂ ಸರ್ಕಾರದ್ದೇ ಆಗಿದ್ದಿತು.

೧೬೯೪ರಲ್ಲಿ ಹುಟ್ಟಿದ ಬ್ಯಾಂಕ್ ಆಫ್ ಇಂಗ್ಲೆಂಡನ್ನು ೧೯೪೬ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಶಾಸನಮೂಲಕ ರಾಷ್ಟ್ರದ ವಶಕ್ಕೆ ತಂದಿತು. ೧೯೪೮ರ ಭಾರತೀಯ ಶಾಸನವೂ ಅದೇ ದಾರಿಯನ್ನು ಹಿಡಿಯಿತು. ನೂರು ರೂಪಾಯಿಗಳ ಷೇರಿಗೆ ೧೧೮ ರೂಪಾಯಿ ೧೦ ಆಣೆ ಪರಿಹಾರವೆಂದು ಗೊತ್ತಾಯಿತು. ಆದರೆ ಶಾಸನದ ತಿರುಳು ಈ ಲೆಕ್ಕದಲ್ಲಿಲ್ಲ, ಮೂಲ ಶಾಸನದ ಏಳನೆಯ ಪ್ರಕರಣಕ್ಕೆ ಮಾಡಿದ ತಿದ್ದುಪಡಿಯಲ್ಲಿದೆ. ಗವರ್ನರರೊಡನೆ ಸಮಾಲೋಚಿಸಿದ ಬಳಿಕ, ಸಾರ್ವಜನಿಕ ಹಿತಕ್ಕೆ ಆವಶ್ಯಕವೆಂದು ತೋರಿದ ಆದೇಶಗಳನ್ನು ಬ್ಯಾಂಕಿಗೆ ಕೊಡುವ ಅಧಿಕಾರವು ಸರ್ಕಾರಕ್ಕೆ ಇದರಿಂದ ಲಭಿಸಿತು.

ರಾಷ್ಟ್ರೀಕರಣವಾದ ಮೇಲೆ ಮೊದಲು ನೇಮಕಗೊಂಡ ಗವರ್ನರರು ಮಂಗಳೂರಿನ ಬೆನಗಲ್ ಮನೆತನದ ಸರ್ ಬಿ. ರಾಮರಾಯರು, ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬಿ. ಎನ್. ರಾಯರ ಸೋದರರು. ೧೯೫೬ರ ಕೊನೆಯಲ್ಲಿ ಅರ್ಥಸಚಿವ ಟಿ. ಟಿ. ಕೃಷ್ಣಮಾಚಾರಿಯವರು ವಾಯಿದೆ ಹುಂಡಿಗಳ ಮುದ್ರಾಂಕ ಸುಂಕವನ್ನು ಏರಿಸಿದರು. ಇತರ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಿಂದ ಪಡೆಯುವ ಸಾಲ ಇದರಿಂದ ತುಟ್ಟಿಯಾಯಿತು. ಬಡ್ಡಿಯ ದರವನ್ನು ನಿರ್ಣಯಿಸತಕ್ಕ ಬ್ಯಾಂಕಿನ ಹಕ್ಕಿಗೆ ಇದು ಚ್ಯುತಿಯೆಂದು ರಾಮರಾಯರು ಭಾವಿಸಿದರು. ಪ್ರಧಾನಿ ನೆಹರೂ ಅವರು ಸಚಿವರ ಪಕ್ಷವನ್ನೇ ವಹಿಸಲು, ರಾಯರು ೧೯೫೭ರ ಜನವರಿಯಲ್ಲಿ ರಾಜೀನಾಮೆಯಿತ್ತರು.

೧೯೨೬ರ ಆಯೋಗದ ಅಂಜಿಕೆಯು ನಿರಾಧಾರವಾಗಿರಲಿಲ್ಲವೆಂದು ಇದರಿಂದ ತಿಳಿಯುತ್ತದೆ. ಆದರೆ ಅದಕ್ಕೆ ಷೇರುದಾರರು ತಕ್ಕ ಪರಿಹಾರವಾಗಿರಲಿಲ್ಲ. ನಡೆಸುವ ಅಧಿಕಾರವು ಅವರಲ್ಲಿ ಎಂದೂ ಇರಲಿಲ್ಲವಷ್ಟೆ. ೧೯೪೮ರ ಶಾಸನವು ಒಡೆತನದ ಪ್ರಶ್ನೆಯನ್ನು ಮುಗಿಸಿತು. ಸಮಾಲೋಚನೆಯಲ್ಲಿ ಅಭಿಪ್ರಾಯಗಳು ಕೂಡದಿದ್ದಾಗ ಯಾರ ಮಾತು ನಿಲ್ಲತಕ್ಕದ್ದೆಂಬುದನ್ನು ಸರ್ಕಾರದ ಕಡೆಗೇ ಬಿಟ್ಟುಕೊಟ್ಟಿತು.