ಬಿಟ್ಟಿ ದುಡಿಯೋ ಯಂತ್ರ ಹಾಡಿದಾಗ

'ರೋಬೋಟ್' ಅನ್ನೋ ಪದ ಬಂದಿದ್ದು ಲ್ಯಾಬಿನಿಂದಲ್ಲ, ನಾಟಕದಿಂದ. 1920ರಲ್ಲಿ ಚೆಕ್ ಲೇಖಕ ಕರೆಲ್ ಚಾಪೆಕ್ ಬರೆದ ನಾಟಕದಿಂದ ಅದು ಊರೆಲ್ಲ ಹರಡಿತು. ಮೂಲ ಪದ 'ರೊಬೊಟಾ', ಅಂದ್ರೆ ನಮ್ಮ ಹಳ್ಳಿ ಕಡೆಯ ಬಿಟ್ಟಿ ಚಾಕರಿ! ದಿನವಿಡೀ ಕೋಡ್ ಬರೆಯೋ ನನಗೆ ಈ ಅರ್ಥ ತಿಳಿದ ಮೇಲೆ ಒಂದು ಹಳೇ ಸಿನಿಮಾ, ಕೆಲವು ಹೊಸ ಹಾಡು ಎರಡೂ ಬೇರೆ ಥರ ಕಾಣತೊಡಗಿದವು.

ಸಿನಿಮಾ ಫ್ರಿಟ್ಜ್ ಲಾಂಗ್ ಅವರ 'ಮೆಟ್ರೊಪೊಲಿಸ್'. 1927ರಲ್ಲಿ ಬರ್ಲಿನ್ನಿನಲ್ಲಿ ತೆರೆಕಂಡ ಮೂಕಿಚಿತ್ರ. ಮೇಲೆ ಸಿರಿವಂತರ ಗಗನಚುಂಬಿಗಳು, ನೆಲದಡಿ ತಲೆ ತಗ್ಗಿಸಿ ಪಾಳಿಗೆ ಹೋಗೋ ಕೂಲಿಗಳು. ನಾಯಕನ ಕಣ್ಣೆದುರು ಯಂತ್ರವೇ ರಾಕ್ಷಸನಾಗಿ ಬಾಯಿ ತೆರೆದು ಅವರನ್ನ ನುಂಗುತ್ತೆ. ಇದನ್ನ ಸರ್ರಿಯಲಿಸ್ಟ್ ಸಿನಿಮಾ ಅನ್ನಲ್ಲ, ಆದರೆ ದುಃಸ್ವಪ್ನದ ತರ್ಕ ಆಗಲೇ ಇಲ್ಲಿದೆ. ಅದೇ ವರ್ಷ ಲೂಯಿಸ್ ಬುನ್ಯುಯೆಲ್ ವಿಮರ್ಶೆ ಬರೆದು ಕಥೆಯನ್ನ ಜರೆದರು, ದೃಶ್ಯಗಳಿಗೆ ಮಾತ್ರ ಮಾರುಹೋದರು. 1929ರಲ್ಲಿ ಸಾಲ್ವಡಾರ್ ಡಾಲಿ ಜೊತೆ ಸೇರಿ ಸರ್ರಿಯಲಿಸ್ಟ್ ಸಿನಿಮಾದ ಹೆಸರುವಾಸಿ ಕಿರುಚಿತ್ರ ತಂದವರು ಇವರೇ.

ಲಾಂಗ್ ಚಿತ್ರದಲ್ಲಿ ಹೆಣ್ಣು ರೋಬೋಟ್ ಕೆಡುಕಿ. ಕೂಲಿಗಳನ್ನ ಕೆರಳಿಸಿ, ಕೊನೆಗೆ ಅವರ ಕೈಯಲ್ಲೇ ಬೆಂಕಿಗೆ ಬೀಳುತ್ತೆ. ಎಂಬತ್ತು ವರ್ಷಗಳ ನಂತರ, 2007ರಲ್ಲಿ, ಅಮೆರಿಕದ ಕಪ್ಪು ಕಲಾವಿದೆ ಜನೆಲ್ ಮೊನೇ 'ಮೆಟ್ರೊಪೊಲಿಸ್' ಹೆಸರಲ್ಲೇ ಹಾಡುಗಳನ್ನ ತಂದು ಯಂತ್ರವನ್ನೇ ನಾಯಕಿ ಮಾಡಿದರು. 1990ರ ದಶಕದಲ್ಲಿ ಡಿ'ಆಂಜೆಲೊ, ಎರಿಕಾ ಬಡು ಹಳೇ ಸೋಲ್ ಸಂಗೀತಕ್ಕೆ ಹಿಪ್‌ಹಾಪ್, ಜಾಝ್ ಬೆರೆಸಿ ಕಟ್ಟಿದ ನಿಯೋ ಸೋಲ್ ಇದೆಯಲ್ಲ, ಮೊನೇ ಆ ಮನೆತನದ ಮುಂದಿನ ಕುಡಿ. 2013ರಲ್ಲಿ ಬಡು ಜೊತೆಗೇ ಹಾಡಿದ್ದಾರೆ.

ಮೊನೇ ಕಥೆಯ ನಾಯಕಿ ಸಿಂಡಿ ಮೇವೆದರ್, 2719ನೇ ಇಸವಿಯ ಆಂಡ್ರಾಯ್ಡ್. ನಿಮ್ಮ ಫೋನಲ್ಲ ಮತ್ತೆ, ಮನುಷ್ಯರೂಪದ ಯಂತ್ರ! ಮನುಷ್ಯನನ್ನ ಪ್ರೀತಿಸಿದ್ದಕ್ಕೆ ಅವಳ ಬೆನ್ನಟ್ಟಿ ಬೇಟೆಗಾರರು ಬರ್ತಾರೆ. 2008ರ 'ಮೆನಿ ಮೂನ್ಸ್' ಕಿರುಚಿತ್ರದಲ್ಲಂತೂ ಆಂಡ್ರಾಯ್ಡ್‌ಗಳನ್ನ ಸಾಲಾಗಿ ನಡೆಸಿ ಹರಾಜು ಕೂಗ್ತಾರೆ. ಅದೇ ದೇಶದಲ್ಲಿ ಹಿಂದೆ ಕಪ್ಪು ಜನರನ್ನ ಹರಾಜು ಹಾಕ್ತಿದ್ದದ್ದು, ಓಡಿಹೋದವರನ್ನ ಬೇಟೆಯಾಡ್ತಿದ್ದದ್ದು ನೆನಪಾಗದೇ ಇರುತ್ತಾ?

ಲಾಂಗ್ ಚಿತ್ರ ಯಜಮಾನ, ಕೂಲಿಗಳ ಕೈಕುಲುಕಿಸಿ ಮುಗಿಯುತ್ತೆ. ಸುಟ್ಟ ಯಂತ್ರದ ಬಗ್ಗೆ ಅಲ್ಲಿ ಯಾರಿಗೂ ಮರುಕವಿಲ್ಲ. ಮೊನೇ ಆ ನೀತಿಯನ್ನ ಬಿಟ್ಟು, ಕನಸನ್ನಷ್ಟೇ ತಗೊಂಡು, ಅದನ್ನ ಯಂತ್ರದ ಕಡೆಯಿಂದ ಹೇಳಿದರು. ಅವರ ಅಮ್ಮ ಕಸ ಗುಡಿಸ್ತಿದ್ದವರು, ಅಪ್ಪ ಕಸದ ಲಾರಿ ಓಡಿಸ್ತಿದ್ದವರು. ವರ್ಷಗಟ್ಟಲೆ ವೇದಿಕೆ ಮೇಲೆ ಮೊನೇ ತೊಟ್ಟ ಕಪ್ಪು-ಬಿಳುಪು ಸೂಟು ಆ ದುಡಿಯುವವರ ಸಮವಸ್ತ್ರಕ್ಕೆ ಸಲ್ಲಿಸಿದ ಗೌರವ.