ಒಲವು, ಅಪರಾಧ ಮತ್ತು ‘ಬಂದಿನಿ’

ಗಿರಿವ್ರಜದ ಸೆರೆಯಲ್ಲಿ ಅರಸರನ್ನು ಕೂಡಿಹಾಕಿ, ಕೊನೆಗೆ ಭೀಮನ ಕೈಯಲ್ಲಿ ಸೀಳಿಹೋದ ಜರಾಸಂಧನನ್ನು ನಾವೆಲ್ಲರೂ ಬಲ್ಲೆವು. ಬಂಗಾಳದಲ್ಲಿ ಇನ್ನೊಬ್ಬ ‘ಜರಾಸಂಧ’ರಿದ್ದರು. ಅವರ ನಿಜವಾದ ಹೆಸರು ಚಾರುಚಂದ್ರ ಚಕ್ರವರ್ತಿ. ವೃತ್ತಿಯಿಂದ ಜೈಲು ಅಧಿಕಾರಿ. ಸೆರೆಮನೆಯ ಬೀಗದ ಕೈ ಹಿಡಿದಿದ್ದ ಮನುಷ್ಯ ಈ ಹೆಸರನ್ನೇ ಕಾವ್ಯನಾಮವಾಗಿ ಆರಿಸಿಕೊಂಡುದರಲ್ಲಿ ವಿನೋದವಿದೆ; ಜೊತೆಗೆ ಒಂದು ಬಗೆಯ ತಪ್ಪೊಪ್ಪಿಗೆಯೂ ಇದೆಯೆಂದು ನನಗೆ ತೋರುತ್ತದೆ. ತಾವು ಕಂಡ ಕೈದಿಗಳ ಬಾಳನ್ನು ಅವರು ‘ಲೌಹಕಪಾಟ’ದಲ್ಲಿ ಬರೆದರು. ಅವರ ‘ತಾಮಸಿ’ ಎಂಬ ಕಥೆಯನ್ನು ಆಧರಿಸಿ ಬಿಮಲ್ ರಾಯ್ ಅವರು 1963ರಲ್ಲಿ ತೆರೆಗೆ ತಂದ ಹಿಂದೀ ಚಿತ್ರವೇ ‘ಬಂದಿನಿ’.

ಚಿಕ್ಕಂದಿನಲ್ಲಿ ಈ ಚಿತ್ರವನ್ನು ದೂರದರ್ಶನದಲ್ಲಿ ನೋಡಿದಾಗ ನನ್ನ ಮನಸ್ಸಿನಲ್ಲಿ ಉಳಿದುದು ಹಾಡುಗಳು ಮಾತ್ರ. ಈಚೆಗೆ ಮತ್ತೆ ನೋಡಿದೆ. ಇದು ಬರಿಯ ಪ್ರೇಮಕಥೆಯಲ್ಲ, ನಮ್ಮ ದೇಶದ ಚರಿತ್ರೆಯ ಒಂದು ಪುಟಕ್ಕೆ ಬರೆದ ವ್ಯಾಖ್ಯಾನ ಎಂಬುದು ಆಗ ಹೊಳೆಯಿತು.

ಕಥೆ ನಡೆಯುವುದು 1930ರ ದಶಕದ ಬಂಗಾಳದಲ್ಲಿ. ಕೊಲೆಗಾಗಿ ಶಿಕ್ಷೆ ಅನುಭವಿಸುತ್ತಿರುವ ಕಲ್ಯಾಣಿ, ಯಾರೂ ಹತ್ತಿರ ಸುಳಿಯದ ಕ್ಷಯರೋಗಿಯೊಬ್ಬಳ ಆರೈಕೆಗೆ ತಾನಾಗಿ ಮುಂದೆ ಬರುತ್ತಾಳೆ. ಜೈಲಿನ ತರುಣ ವೈದ್ಯ ದೇವೇನ್ ಅವಳನ್ನು ಮದುವೆಯಾಗಲು ಬಯಸುತ್ತಾನೆ. ಅವಳು ಒಲ್ಲೆನೆನ್ನುತ್ತಾಳೆ. ಏಕೆಂಬುದನ್ನು ಅವಳು ಬರೆದುಕೊಟ್ಟ ವೃತ್ತಾಂತವೇ ಹೇಳುತ್ತದೆ. ಹಳ್ಳಿಯ ಪೋಸ್ಟ್‌ಮಾಸ್ಟರರ ಮಗಳಾದ ಅವಳು, ಸರ್ಕಾರ ಆ ಹಳ್ಳಿಯಲ್ಲಿ ತಂದಿರಿಸಿದ್ದ ಕ್ರಾಂತಿಕಾರಿ ಬಿಕಾಶನಿಗೆ ಮನಸೋಲುತ್ತಾಳೆ. ಅವನ ಕಾಯಿಲೆಯಲ್ಲಿ ರಾತ್ರಿಯೆಲ್ಲ ಶುಶ್ರೂಷೆ ಮಾಡಿದ ಅವಳ ಮಾನ ಉಳಿಸಲೆಂದು, ಈಕೆ ನನ್ನ ಹೆಂಡತಿ ಎಂದು ಆತ ಸಾರುತ್ತಾನೆ. ಹಿಂದಿರುಗಿ ಬರುವೆನೆಂದು ಮಾತು ಕೊಟ್ಟು ಹೋಗುತ್ತಾನೆ. ಹೋದವನು ಬರಲಿಲ್ಲ; ಅವನು ಬೇರೊಬ್ಬಳನ್ನು ಮದುವೆಯಾದನೆಂಬ ಸುದ್ದಿ ಬಂತು. ಊರಿನ ನಾಲಗೆಗೆ ಹೆದರಿ ಕಲ್ಯಾಣಿ ಪಟ್ಟಣ ಸೇರಿ ಆಸ್ಪತ್ರೆಯಲ್ಲಿ ದುಡಿಯುತ್ತಾಳೆ. ಅವಳನ್ನು ಹುಡುಕಿಕೊಂಡು ಬಂದ ತಂದೆ ಅಪಘಾತದಲ್ಲಿ ತೀರಿಕೊಳ್ಳುತ್ತಾನೆ. ಹಗಲಿರುಳೂ ತನ್ನನ್ನು ಹೀಯಾಳಿಸುತ್ತಿದ್ದ ರೋಗಿಯೇ ಬಿಕಾಶನ ಹೆಂಡತಿಯೆಂದು ತಿಳಿದ ಗಳಿಗೆಯಲ್ಲಿ ಆಕೆಗೆ ವಿಷವಿಕ್ಕುತ್ತಾಳೆ.

ಬಿಕಾಶನಂಥವರು ಬರಿಯ ಕಲ್ಪನೆಯಲ್ಲ. 1930ರ ಏಪ್ರಿಲ್ 18ರಂದು ಸೂರ್ಯ ಸೇನರ ದಳ ಚಿತ್ತಗಾಂಗಿನ ಆಯುಧಾಗಾರದ ಮೇಲೆ ದಾಳಿ ಮಾಡಿದ ಮೇಲೆ, ಅದೇ ವರ್ಷ ಬಂಗಾಳದಲ್ಲಿ ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಕಾನೂನು ಜಾರಿಗೆ ಬಂತು. ಬಕ್ಸಾ, ಹಿಜಲಿ, ದೂರದ ರಾಜಪುತಾನದ ದೇವಲಿ ಮೊದಲಾದ ಶಿಬಿರಗಳು ತುಂಬಿದವು. ಹಿಜಲಿಯಲ್ಲಿ 1931ರ ಸೆಪ್ಟೆಂಬರ್ 16ರಂದು ನಿರಾಯುಧ ಬಂದಿಗಳ ಮೇಲೆ ಗುಂಡು ಹಾರಿ ಇಬ್ಬರು ಸತ್ತರು. 1951ರಲ್ಲಿ ಖರಗಪುರದ ಐಐಟಿ ಆರಂಭವಾದುದು ಅದೇ ಕಟ್ಟಡದಲ್ಲಿ. ಶಿಬಿರಗಳಷ್ಟೇ ಅಲ್ಲದೆ ಇನ್ನೊಂದು ಉಪಾಯವೂ ಇತ್ತು. ಬಂದಿಯನ್ನು ಗುರುತುಪರಿಚಯವಿಲ್ಲದ ದೂರದ ಹಳ್ಳಿಯಲ್ಲಿ ತಂದಿಡುವುದು, ಅಲ್ಪಸ್ವಲ್ಪ ಭತ್ಯೆ ಕೊಡುವುದು, ಊರ ಗಡಿ ದಾಟದಂತೆ ಕಟ್ಟುಮಾಡಿ ಪೊಲೀಸರ ಮುಂದೆ ಹಾಜರಿ ಹಾಕಿಸುವುದು.

ಚರಿತ್ರೆಯ ಪುಸ್ತಕಗಳು ಈ ತರುಣರ ಹೆಸರನ್ನು ಬರೆದಿಟ್ಟಿವೆ, ಬರೆಯಬೇಕಾದುದೇ. ಆದರೆ ಅವರನ್ನು ತಂದಿಟ್ಟ ಹಳ್ಳಿಯಲ್ಲಿ ಮನೆಗಳಿದ್ದವು, ಮನೆಗಳಲ್ಲಿ ಹೆಣ್ಣುಮಕ್ಕಳಿದ್ದರು. ದೇಶಕ್ಕಾಗಿ ಎಲ್ಲವನ್ನೂ ತೊರೆದವನು ತನ್ನದನ್ನು ಮಾತ್ರ ತೊರೆಯಲಿಲ್ಲ. ತನ್ನನ್ನು ನಂಬಿದವರ ಬಾಳನ್ನೂ ಅವರನ್ನು ಕೇಳದೆಯೆ ಆಹುತಿ ಕೊಟ್ಟ. ಸ್ವಾತಂತ್ರ್ಯ ಬಂದು ಹದಿನಾರು ವರ್ಷವಾಗಿದ್ದಾಗ, ಚೀನಾ ಯುದ್ಧದ ಮರುವರ್ಷ, ದೇಶಭಕ್ತಿಯ ಮಾತು ಎಲ್ಲೆಡೆ ಮೊಳಗುತ್ತಿದ್ದಾಗ, ಈ ಲೆಕ್ಕವನ್ನು ಮೆಲುದನಿಯಲ್ಲಿ ಕೇಳಿದ ಧೈರ್ಯ ‘ಬಂದಿನಿ’ಯದು.

ಮೆಲುದನಿ ಬಿಮಲ್ ರಾಯ್ ಅವರ ಸ್ವಭಾವವೇ. ಢಾಕಾ ಕಡೆಯಿಂದ ಬಂದ ಅವರು ಕಲ್ಕತ್ತೆಯ ನ್ಯೂ ಥಿಯೇಟರ್ಸ್‌ನಲ್ಲಿ ಛಾಯಾಗ್ರಾಹಕರಾಗಿ ಪಳಗಿದವರು; 1953ರ ‘ದೋ ಬೀಘಾ ಜಮೀನ್’ನಿಂದ ಹೆಸರಾದವರು. ಅವರು ನಿರ್ದೇಶಿಸಿದ ಕಡೆಯ ಕಥಾಚಿತ್ರ ‘ಬಂದಿನಿ’. 1966ರಲ್ಲಿ ಅವರು ತೀರಿಕೊಂಡರು. ಸಚಿನ್ ದೇವ್ ಬರ್ಮನ್ನರ ಸಂಗೀತಕ್ಕೆ ಹೆಚ್ಚಿನ ಹಾಡುಗಳನ್ನು ಬರೆದವರು ಶೈಲೇಂದ್ರ. ಒಂದು ಹಾಡು ಮಾತ್ರ ಗುಲ್ಜಾರರದು. ಅವರ ಹೆಸರು ಜನಕ್ಕೆ ಪರಿಚಯವಾದುದು ಅದರಿಂದಲೇ. ಆರು ಫಿಲ್ಮ್‌ಫೇರ್ ಪ್ರಶಸ್ತಿಗಳಲ್ಲಿ ಒಂದು ಕಲ್ಯಾಣಿಯಾದ ನೂತನ್ ಅವರಿಗೆ ಸಂದಿತು.

ಸಲ್ಲಬೇಕಾದುದೇ. ವಿಷವಿಕ್ಕುವ ದೃಶ್ಯದಲ್ಲಿ ನೂತನ್ ಅವರಿಗೆ ಮಾತೇ ಇಲ್ಲ. ಹೊರಗೆ ಕಬ್ಬಿಣ ಬಡಿಯುವ ಸದ್ದು. ಕಮಲ್ ಬೋಸರ ಕ್ಯಾಮರಾ ಆ ಮುಖದ ಮೇಲೆ ಬೆಳಕನ್ನೂ ಕತ್ತಲನ್ನೂ ಆಡಿಸುತ್ತದೆ. ಒಳ್ಳೆಯವಳೊಬ್ಬಳು ಕೊಲೆಗಾತಿಯಾಗುವುದನ್ನು ನಾವು ಕಣ್ಣಾರೆ ಕಾಣುತ್ತೇವೆ. ಅಲ್ಲಿಂದ ಮುಂದೆ ಅವಳು ತಪ್ಪಿಸಿಕೊಳ್ಳುವುದಿಲ್ಲ. ತಾನೇ ಮಾಡಿದುದೆಂದು ಒಪ್ಪಿಕೊಳ್ಳುತ್ತಾಳೆ.

ಕನ್ನಡ ಪಾಠ ಹೇಳುವ ನನಗೆ ಇಲ್ಲಿ ಜನ್ನನ ನೆನಪಾಗದಿರುವುದು ಸಾಧ್ಯವಿಲ್ಲ. 1209ರ ‘ಯಶೋಧರ ಚರಿತೆ’ಯ ಅಮೃತಮತಿಯೂ ವಿಷವಿಕ್ಕಿದವಳೇ; ಆದರೆ ಅವಳಲ್ಲಿ ಪಶ್ಚಾತ್ತಾಪದ ಸುಳಿವಿಲ್ಲ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಯಶೋಧರನಾದರೋ, ಸಂಕಲ್ಪದ ಹಿಂಸೆಗಾಗಿಯೇ ಜನ್ಮಜನ್ಮಾಂತರಗಳಲ್ಲಿ ತೊಳಲುತ್ತಾನೆ. ಕಲ್ಯಾಣಿಯ ಕೈಯಲ್ಲಿ ಅಮೃತಮತಿಯ ವಿಷವಿದೆ, ಎದೆಯಲ್ಲಿ ಯಶೋಧರನ ತೊಳಲಾಟವಿದೆ. ಕಾನೂನಿನ ಸೆರೆಗೆ ಅವಧಿಯುಂಟು, ಈ ಸೆರೆಗೆ ಇಲ್ಲ.

ಕೊನೆಯಲ್ಲಿ ಬಿಡುಗಡೆ ಹೊಂದಿ ದೇವೇನನ ಮನೆಗೆ ಹೊರಟವಳಿಗೆ ಸ್ಟೀಮರಿನ ಘಟ್ಟದಲ್ಲಿ ಕ್ಷಯದಿಂದ ಸಾಯುತ್ತಿರುವ ಬಿಕಾಶ ಎದುರಾಗುತ್ತಾನೆ. ಪಕ್ಷದ ಅಪ್ಪಣೆಯಂತೆ ಅವನು ಆ ಮದುವೆಗೆ ಒಪ್ಪಿದ್ದನೆಂದು ಅವಳಿಗೆ ಆಗ ತಿಳಿಯುತ್ತದೆ. ಬರ್ಮನ್ನರೇ ಹಾಡಿದ ಅಂಬಿಗನ ಪದ ಕೇಳುತ್ತಿರಲು, ಅವಳು ರೈಲು ಬಿಟ್ಟು ಸ್ಟೀಮರಿಗೆ ಓಡುತ್ತಾಳೆ. ಸುಖದ ದಾರಿ ಬಿಟ್ಟು ಸಾಯುವವನ ಸೇವೆಗೆ ಹೋದಳಲ್ಲಾ ಎಂದು ಗೊಣಗುವವರುಂಟು. ನಾನು ಗೊಣಗಲಾರೆ. ಆರೈಕೆಯಿಂದ ಮೊದಲಾದ ಒಲವು, ಆರೈಕೆ ಮಾಡಬೇಕಾದವಳನ್ನೇ ಕೊಂದ ಪಾಪ, ಎರಡೂ ಆರೈಕೆಯಲ್ಲಿಯೇ ಮುಗಿಯಬೇಕೆಂದು ಅವಳಿಗೆ ತೋರಿರಬೇಕು.

ನನ್ನನ್ನು ಕಾಡುವವಳು ಮತ್ತೊಬ್ಬಳು; ಸತ್ತುಹೋದ ಆ ಹೆಂಡತಿ. ಯಾವ ಪಕ್ಷದ ಯಾವ ಗುಟ್ಟಿಗಾಗಿ ತನ್ನ ಕೊರಳಿಗೆ ತಾಳಿ ಬಿತ್ತೆಂದು ಅವಳು ಬಲ್ಲಳೆ? ಪ್ರೀತಿಯಿಲ್ಲದ ಮನೆಯಲ್ಲಿ ಸಿಡುಕಿಯಾದುದು ಅವಳೊಬ್ಬಳ ತಪ್ಪೆ? ಚಿತ್ರ ಅವಳನ್ನು ಕೆಟ್ಟವಳನ್ನಾಗಿ ಮಾಡಿ ನಮ್ಮ ಕನಿಕರವನ್ನು ಕಲ್ಯಾಣಿಗೆ ಮೀಸಲಿರಿಸಿತು. ಕಲ್ಯಾಣಿ ಶಿಕ್ಷೆ ಅನುಭವಿಸಿದಳು, ಬಿಕಾಶ ರೋಗದಲ್ಲಿ ಬೆಂದ. ಆ ಹೆಂಗಸಿನ ಪರವಾಗಿ ಮಾತ್ರ ಯಾರೂ ಅಳಲಿಲ್ಲ. ಇತಿಹಾಸವೂ ಹೀಗೆಯೇ ಅಲ್ಲವೆ? ತ್ಯಾಗ ಮಾಡಿದವರನ್ನು ನೆನೆಯುತ್ತದೆ, ತ್ಯಾಗಕ್ಕೆ ಈಡಾದವರನ್ನು ಮರೆಯುತ್ತದೆ. ‘ಬಂದಿನಿ’ಯನ್ನು ಮತ್ತೊಮ್ಮೆ ನೋಡುವವರು ಅವಳಿಗಾಗಿಯೂ ಒಂದು ಗಳಿಗೆ ನಿಂತರೆ, ಬಿಮಲ್ ರಾಯ್ ಅವರು ತೊಡಗಿದ ಲೆಕ್ಕ ಪೂರ್ತಿಯಾದೀತು.