ಉಪ್ಪುನೀರಿಗೆ ಎಷ್ಟು ಡಿಗ್ರಿ?

ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಆದರೂ ಕುಮಟಾ ಕಡೆಯ ಸೀಗಡಿ ಕೆರೆಯವರು, ಉಪ್ಪಿನ ಆಗರದವರು ನನ್ನನ್ನು ಇನ್ನೂ ಮಾಸ್ತರು ಎಂದೇ ಕರೆಯುತ್ತಾರೆ, ನೀರಿನ ವಿಷಯ ಬಂದರೆ ಫೋನು ಮಾಡುತ್ತಾರೆ. "ಮಾಸ್ತರ್ರೇ, ಆ ರಿಫ್ರಾಕ್ಟೋಮೀಟರು ಯಾವ್ದು ತಕಳೂದು?" ಅಂಗಡಿಯವನು ಮೂರ್ನಾಲ್ಕು ತೋರಿಸಿರುತ್ತಾನೆ. ಕಪ್ಪು ರಬ್ಬರಿನ ಹಿಡಿಕೆ, ಮುಂದೆ ಓರೆಯಾಗಿ ಕೊರೆದ ಗಾಜು, ಹಿಂದೆ ಕಣ್ಣಿಡುವ ತೂತು. ನೋಡಲು ಎಲ್ಲವೂ ಒಂದೇ ತಾಯಿಯ ಮಕ್ಕಳು. ನಾನು ಯಾವ ನೀರಿಗೆ ಎಂದು ಕೇಳಿದರೆ ಅವರಿಗೆ ಸಣ್ಣಗೆ ಸಿಟ್ಟು ಬರುತ್ತದೆ. ಉಪ್ಪುನೀರಿಗೆ, ಮತ್ತ್ಯಾವ ನೀರಿಗೆ?

ಸಿಟ್ಟು ಬಂದರೂ ಕೇಳಲೇಬೇಕು. ಏಕೆಂದರೆ ಉಪ್ಪು ಅಳೆಯಲೆಂದು ಮಾರುವ ಸಾಧನಗಳಲ್ಲಿ ಒಂದೂ ಉಪ್ಪನ್ನು ಮುಟ್ಟುವುದಿಲ್ಲ. ಒಂದು ನೀರಿನ ಭಾರ ನೋಡುತ್ತದೆ, ಒಂದು, ಅಂದರೆ ಈ ರಿಫ್ರಾಕ್ಟೋಮೀಟರು, ಬೆಳಕು ಎಷ್ಟು ಬಾಗಿತೆಂದು ನೋಡುತ್ತದೆ, ಇನ್ನೊಂದು ವಿದ್ಯುತ್ತು ಎಷ್ಟು ಸಲೀಸಾಗಿ ಹರಿಯಿತೆಂದು ನೋಡುತ್ತದೆ. ಅಲ್ಲಿಂದ ಉಪ್ಪಿನ ಅಂಕಿಗೆ ಬರಲು ಯಾರೋ ಹಿಂದೆ ಮಾಡಿಟ್ಟ ಲೆಕ್ಕ ಬೇಕು. ಆ ಲೆಕ್ಕ ಯಾವ ನೀರನ್ನು ಎದುರಿಗಿಟ್ಟುಕೊಂಡು ಮಾಡಿದ್ದು ಎಂಬುದರಲ್ಲಿಯೇ ಎಲ್ಲ ಇದೆ.

ಭಾರ ನೋಡುವುದು ಎಲ್ಲಕ್ಕಿಂತ ಹಳೆಯ ದಾರಿ. ಒಂದನೇ ಶತಮಾನದ ರೋಮನ್ ಲೇಖಕ ಕೊಲುಮೆಲ್ಲ, ಊರಗಾಯಿ ಹಾಕಲು ಉಪ್ಪುನೀರು ಹದಕ್ಕೆ ಬಂತೇ ಎಂದು ತಿಳಿಯಲು ಅದರಲ್ಲಿ ಚೀಸ್ ತುಂಡು ಹಾಕಿ ನೋಡಿ ಎನ್ನುತ್ತಾನೆ. ಮುಳುಗಿದರೆ ನೀರಿನ್ನೂ ಹಸಿ, ತೇಲಿದರೆ ಹದ. ಸಾಂಗ್ ಅರಸರ ಕಾಲದ ಚೀನಾದಲ್ಲಿ ಉಪ್ಪು ಬೇಯಿಸುವವರು ಕಮಲದ ಬೀಜಗಳನ್ನು ಹಾಕುತ್ತಿದ್ದರು. ಇದು ಚೀಸಿಗಿಂತ ಜಾಣತನದ್ದು: ಹಾಕಿದ ಬೀಜಗಳಲ್ಲಿ ಎಷ್ಟು ತೇಲಿದವು ಎಂದು ಎಣಿಸಿದರೆ ನೀರು ಎಷ್ಟು ಗಟ್ಟಿ ಎಂಬುದಕ್ಕೆ ಒಂದು ಅಂಕಿಯೇ ಸಿಗುತ್ತದೆ. ನಮ್ಮಲ್ಲಿ ಬಿತ್ತನೆಯ ಭತ್ತದಿಂದ ಜೊಳ್ಳು ಬೇರ್ಪಡಿಸಲು, ಕೋಳಿಮೊಟ್ಟೆ ತೇಲುವವರೆಗೆ ನೀರಿಗೆ ಉಪ್ಪು ಹಾಕಿ ಎಂದು ಕೃಷಿ ಇಲಾಖೆಯವರು ಹೇಳಿಕೊಡುವುದೂ ಇದೇ ವಿದ್ಯೆ.

ಬೀಜದ ಜಾಗಕ್ಕೆ ಗಾಜಿನ ಕೊಳವೆ ತಂದು, ಅದಕ್ಕೆ ಅಳತೆ ಕೊರೆದು, ಎಲ್ಲರೂ ಒಂದೇ ಅಂಕಿ ಹೇಳುವಂತೆ ಮಾಡಿದವನು ಪ್ಯಾರಿಸಿನ ಔಷಧ ತಯಾರಕ ಆಂತ್ವಾನ್ ಬೋಮೆ. 1768ರ ಸುಮಾರಿನ ಮಾತು. ಶುದ್ಧ ನೀರಿನಲ್ಲಿ ಕೊಳವೆ ನಿಂತ ಜಾಗಕ್ಕೆ ಸೊನ್ನೆ. 15 ಭಾಗ ಉಪ್ಪು, 85 ಭಾಗ ನೀರು ತೂಗಿ ಕದಡಿದ ದ್ರಾವಣದಲ್ಲಿ ನಿಂತ ಜಾಗಕ್ಕೆ 15. ನಡುವೆ ಸಮನಾಗಿ ಹದಿನೈದು ಗೆರೆ, ಮುಂದಕ್ಕೂ ಅದೇ ಅಂತರದಲ್ಲಿ ಗೆರೆಗಳು. ಎರಡು ಪಾತ್ರೆ, ಒಂದು ತಕ್ಕಡಿ ಇದ್ದರೆ ಯಾರು ಬೇಕಾದರೂ ತನ್ನ ಮನೆಯಲ್ಲೇ ಮಾಡಿಕೊಳ್ಳಬಹುದಾದ ಮಾಪಕ. ಈ ಸರಳತನಕ್ಕೇ ಅದು ಬಾಳಿತು. ಇವತ್ತಿಗೂ ಭಾರತದ ಉಪ್ಪಿನ ಉದ್ಯಮ ಮಾತಾಡುವುದು ಬೋಮೆ ಡಿಗ್ರಿಯಲ್ಲಿ.

ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ನಿಂತು ನೋಡಿದರೆ ಅದು ಏಕೆಂದು ಗೊತ್ತಾಗುತ್ತದೆ. ಅಘನಾಶಿನಿಯ ಅಳಿವೆಯಿಂದ ಭರತದ ನೀರು ಒಳಗೆ ಬರುತ್ತದೆ. ಬರುವಾಗ ಮೂರು, ಮೂರೂವರೆ ಡಿಗ್ರಿ. ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಹಾಯುತ್ತ, ಬಿಸಿಲಿಗೂ ಗಾಳಿಗೂ ನೀರು ಬಿಟ್ಟುಕೊಡುತ್ತ ಗಟ್ಟಿಯಾಗುತ್ತದೆ. ಹದಿಮೂರರ ಆಚೀಚೆ ಜಿಪ್ಸಮ್ ತಳಕ್ಕಿಳಿಯತೊಡಗುತ್ತದೆ. ಇಪ್ಪತ್ತೈದೂವರೆಗೆ, ಅಂದರೆ ಒಳಗೆ ಬಿಟ್ಟ ನೀರು ಹತ್ತರಲ್ಲಿ ಒಂದು ಪಾಲಿಗೆ ಇಳಿದಾಗ, ಅಡುಗೆಯ ಉಪ್ಪು ಹರಳುಗಟ್ಟುತ್ತದೆ. ಮಧ್ಯಾಹ್ನದ ಹೊತ್ತಿಗೆ ಪಾತಿಯ ಮೇಲ್ಮೈಯಲ್ಲಿ ಸಣ್ಣ ಚೌಕ ಹರಳುಗಳು ತೇಲುತ್ತಿರುತ್ತವೆ. ಕೈಯಿಂದ ನೀರು ಅಲ್ಲಾಡಿಸಿದರೆ ಮುಳುಗುತ್ತವೆ. ತಲೆತಲಾಂತರದಿಂದ ಈ ಕೆಲಸ ಮಾಡಿಕೊಂಡು ಬಂದ ಆಗೇರ ಜನರಿಗೆ ಇದನ್ನು ತಿಳಿಯಲು ಕೊಳವೆ ಬೇಕಿರಲಿಲ್ಲ. ಕೊಳವೆ ನಿಜವಾಗಿ ಬೇಕಾಗುವುದು ಯಾವಾಗ ನಿಲ್ಲಿಸಬೇಕು ಎಂದು ತಿಳಿಯಲು. ಇಪ್ಪತ್ತೊಂಬತ್ತು ದಾಟಿದ ಮೇಲೆ ಉಳಿದ ನೀರಿನಲ್ಲಿ ಮೆಗ್ನೀಸಿಯಂ ಲವಣಗಳದೇ ಕಾರುಬಾರು. ಅದನ್ನು ಹೊರಗೆ ಬಿಡದಿದ್ದರೆ ಉಪ್ಪು ಕಹಿಯಾಗುತ್ತದೆ, ಚೀಲದಲ್ಲಿ ಒದ್ದೆ ಒದ್ದೆಯಾಗಿ ನೀರು ಬಿಡುತ್ತದೆ.

ಲವಣಗಳು ಒಂದಾದ ಮೇಲೊಂದು ತಳಕ್ಕಿಳಿಯುವ ಈ ಸಾಲನ್ನು ಮೊದಲು ಪ್ರಯೋಗಾಲಯದಲ್ಲಿ ತೋರಿಸಿದವನು ರಸಾಯನಶಾಸ್ತ್ರಜ್ಞ ಉಸಿಗ್ಲಿಯೊ. 1849ರಲ್ಲಿ ಅವನು ಮೆಡಿಟರೇನಿಯನ್ ಸಮುದ್ರದ ನೀರನ್ನು ಹಂತಹಂತವಾಗಿ ಆರಿಸಿ, ಪ್ರತಿ ಹಂತದಲ್ಲೂ ಏನು ತಳಕ್ಕಿಳಿಯಿತು ಎಂದು ತೂಗಿ ಬರೆದಿಟ್ಟ. ಉಪ್ಪಿನ ಕಾರ್ಖಾನೆಗಳ ಪಠ್ಯಪುಸ್ತಕ ಇವತ್ತಿಗೂ ಅವನ ಪಟ್ಟಿಯಿಂದಲೇ ಶುರುವಾಗುತ್ತದೆ ಎಂದರೆ ತಪ್ಪಲ್ಲ.

ಉಪ್ಪಿಗೆ ತೆರಿಗೆ ಹಾಕುತ್ತಿದ್ದ ಬ್ರಿಟಿಷ್ ಸರ್ಕಾರಕ್ಕೆ ಮಾತ್ರ ಈ ಡಿಗ್ರಿಗಳ ಗೊಡವೆ ಇರಲಿಲ್ಲ. ಅದಕ್ಕೆ ಬೇಕಾಗಿದ್ದದ್ದು ಮಣದ ಲೆಕ್ಕ. 1923ರಲ್ಲಿ ಮಣಕ್ಕೆ ಎರಡೂವರೆ ರೂಪಾಯಿಗೆ ಏರಿದ ತೆರಿಗೆ ಮರುವರ್ಷ ಒಂದೂಕಾಲು ರೂಪಾಯಿಗೆ ಇಳಿದಿತ್ತು. 1930ರ ಏಪ್ರಿಲ್ 13ರಂದು ನಮ್ಮ ಪಕ್ಕದ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರು ಕಾನೂನು ಮುರಿದು ಉಪ್ಪು ಮಾಡಿದಾಗ ಜಾರಿಯಲ್ಲಿದ್ದದ್ದು ಅದೇ ಒಂದೂಕಾಲು. ಆ ಉಪ್ಪು ಎಷ್ಟು ಡಿಗ್ರಿಯ ನೀರಿನದು ಎಂದು ಯಾರೂ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ.

ಸಮುದ್ರ ಶಾಸ್ತ್ರಜ್ಞರ ಕಷ್ಟ ಬೇರೆ ಥರದ್ದು. ಅವರಿಗೆ ಮೂರು ಡಿಗ್ರಿ, ಮೂರೂವರೆ ಡಿಗ್ರಿ ಎಂಬ ಅಂದಾಜು ಏನೂ ಸಾಲದು. ಒಂದು ಸಮುದ್ರಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸವೇ ದಶಾಂಶದಲ್ಲಿ. ನೀರನ್ನು ಕುದಿಸಿ ಒಣಗಿಸಿ ಉಳಿದದ್ದನ್ನು ತೂಗೋಣವೆಂದರೆ ಅದೂ ನಂಬುವಂಥದ್ದಲ್ಲ. ಮೆಗ್ನೀಸಿಯಂ ಕ್ಲೋರೈಡ್ ನೀರನ್ನು ಬಿಡುವುದಿಲ್ಲ, ಹೆಚ್ಚು ಕಾಯಿಸಿದರೆ ತಾನೇ ಒಡೆದು ಆಮ್ಲವಾಗಿ ಹಾರಿಹೋಗುತ್ತದೆ. ದಾರಿ ತೋರಿಸಿದವನು ಡೆನ್ಮಾರ್ಕಿನ ಫೋರ್ಷ್‌ಹಾಮರ್. 1865ರಲ್ಲಿ ಅವನು ಹೇಳಿದ್ದು ಇಷ್ಟು: ತೆರೆದ ಸಮುದ್ರದಲ್ಲಿ ಒಟ್ಟು ಉಪ್ಪು ಹೆಚ್ಚು ಕಡಿಮೆಯಾದರೂ ಒಳಗಿನ ಲವಣಗಳ ಪಾಲು ಮಾತ್ರ ಬದಲಾಗದು. ಚಾಲೆಂಜರ್ ಹಡಗು 1872ರಿಂದ 1876ರವರೆಗೆ ಲೋಕ ಸುತ್ತಿ ತಂದ ನೀರಿನಲ್ಲಿ 77 ಮಾದರಿಗಳನ್ನು ವಿಶ್ಲೇಷಿಸಿ ಡಿಟ್‌ಮಾರ್ 1884ರಲ್ಲಿ ಅದನ್ನೇ ಗಟ್ಟಿಮಾಡಿದ. ಅಂದಮೇಲೆ ಎಲ್ಲವನ್ನೂ ಅಳೆಯುವುದು ಬೇಡ, ಕ್ಲೋರೈಡ್ ಒಂದನ್ನು ಅಳೆದರೆ ಸಾಕು. ಮಾರ್ಟಿನ್ ನುಡ್ಸೆನ್ 1901ರಲ್ಲಿ ಅದಕ್ಕೆ ಕೋಷ್ಟಕಗಳನ್ನೇ ಅಚ್ಚು ಹಾಕಿಸಿದ: ಕ್ಲೋರಿನ್ ಅಂಕಿಯನ್ನು 1.805ರಿಂದ ಗುಣಿಸಿ 0.03 ಕೂಡಿಸಿದರೆ ಲವಣಾಂಶ. ಎಲ್ಲರ ಅಳತೆಯೂ ಹೊಂದಿಕೆಯಾಗಲೆಂದು ಕೋಪನ್‌ಹೇಗನ್ನಿನಿಂದ ಗಾಜಿನ ಕೊಳವೆಗಳಲ್ಲಿ ಮುಚ್ಚಿದ ಪ್ರಮಾಣಿತ ಸಮುದ್ರದ ನೀರು ದೇಶದೇಶಕ್ಕೆ ಹೋಗುತ್ತಿತ್ತು. ಸಮುದ್ರದ ನೀರನ್ನು ಅಂಚೆಯಲ್ಲಿ ತರಿಸುವುದೆಂದರೆ ನನ್ನ ವಿದ್ಯಾರ್ಥಿಗಳಿಗೆ ನಗು ತಡೆಯಲಾಗುತ್ತಿರಲಿಲ್ಲ, ಕಿಟಕಿಯಾಚೆಗೇ ಸಮುದ್ರವಿತ್ತಲ್ಲ!

ಇನ್ನು ಬೆಳಕಿನ ಸರದಿ. ಗಾಳಿಯಿಂದ ನೀರಿಗೆ ಹೊಕ್ಕ ಬೆಳಕು ಬಾಗುತ್ತದೆ, ಉಪ್ಪು ಹೆಚ್ಚಿದಂತೆ ಬಾಗು ಹೆಚ್ಚುತ್ತದೆ. ಆದರೆ ಎಷ್ಟು ಹೆಚ್ಚುತ್ತದೆ ಎಂದು ನೋಡಿ: ಶುದ್ಧ ನೀರಿನ ವಕ್ರೀಭವನಾಂಕ 1.3330, ಸಾವಿರಕ್ಕೆ 35 ಲವಣಾಂಶದ ಸಮುದ್ರದ ನೀರಿನದು 1.3394. ನಮ್ಮ ಕಡಲಿನ ಉಪ್ಪೆಲ್ಲ ಮೂರನೇ ದಶಾಂಶದಲ್ಲಿ ಅಡಗಿದೆ. ಮೊದಲೆಲ್ಲ ಇದನ್ನು ಅಳೆಯಲು ಪೊಳ್ಳು ಪಟ್ಟಕದಲ್ಲಿ ದ್ರವ ತುಂಬಿ, ಕಿರಣ ತಿರುಗಿದ ಕೋನವನ್ನು ತಾಳ್ಮೆಯಿಂದ ನೋಡಬೇಕಿತ್ತು. ಜರ್ಮನಿಯ ಯೇನಾದಲ್ಲಿ ಕಾರ್ಲ್ ಝೈಸ್‌ನ ಜೊತೆ ಕೆಲಸ ಮಾಡುತ್ತಿದ್ದ ಎರ್ನ್ಸ್ಟ್ ಆಬ್ಬೆ ಎರಡು ಪಟ್ಟಕಗಳ ನಡುವೆ ಒಂದೆರಡು ಹನಿಯನ್ನು ತೆಳುವಾಗಿ ಹರಡಿ, ಬೆಳಕು ಪೂರ್ತಿ ಹಿಂತಿರುಗುವ ಕೋನ ಎಲ್ಲಿ ಶುರುವಾಗುತ್ತದೆ ಎಂದು ನೋಡಿದ. ಕತ್ತಲು ಬೆಳಕಿನ ನಡುವಿನ ಗೆರೆಯೇ ಉತ್ತರ. ಅವನ ವಿವರಣೆ 1874ರಲ್ಲಿ ಪ್ರಕಟವಾಯಿತು. ಈ ಉಪಕರಣ ಸಣ್ಣದಾಗಿ ಕೈಗೆ ಬಂದು ಹೆಚ್ಚು ಓಡಾಡಿದ್ದು ಮಾತ್ರ ಸಕ್ಕರೆಯ ಲೋಕದಲ್ಲಿ. ಕಬ್ಬಿನ ಗದ್ದೆಯಲ್ಲಿ ರಸ ಹಿಂಡಿ ಬ್ರಿಕ್ಸ್ (ಸಕ್ಕರೆಯ ಅಂಶ) ನೋಡುವ ಸಾಧನ, ಸೀಗಡಿ ಕೆರೆಯ ದಂಡೆಯ ಮೇಲೆ ಹಿಡಿಯುವ ಸಾಧನ ಎರಡರ ಹೊಟ್ಟೆಯೂ ಒಂದೇ, ಒಳಗೆ ಬರೆದ ಅಳತೆಪಟ್ಟಿ ಮಾತ್ರ ಬೇರೆ.

ಆ ಪಟ್ಟಿಯಲ್ಲೇ ತಕರಾರು. ಒಂದು ಹ್ಯಾಚರಿಯಲ್ಲಿ ಎರಡು ಉಪಕರಣ ಇದ್ದವು. ಒಂದೇ ತೊಟ್ಟಿಯ ನೀರಿಗೆ ಒಂದು 32 ಎಂದರೆ ಇನ್ನೊಂದು ಮೂವತ್ಮೂರೂವರೆಯ ಹತ್ತಿರ ಹೇಳುತ್ತಿತ್ತು. ಅಲ್ಲಿನ ಹುಡುಗ ಬಲು ಚೊಕ್ಕ ಕೆಲಸಗಾರ. ಬಟ್ಟಿ ಇಳಿಸಿದ ನೀರು ಹಾಕಿ ಎರಡನ್ನೂ ಸೊನ್ನೆಗೆ ತಂದಿದ್ದ. "ಎರಡೂ ಸೊನ್ನೆಗೆ ಸಮ ನಿಲ್ತವೆ ಮಾಸ್ತರ್ರೇ, ಮತ್ತೆ ಯಾವ್ದು ಸುಳ್ಳು ಹೇಳ್ತದೆ?" ಮನೆಗೆ ನೀರು ತಂದು ಹಳೆಯ ಪದ್ಧತಿಯಲ್ಲಿ ನೋಡಿದೆ. ಶಂಕುವಿನಾಕಾರದ ಗಾಜಿನಲ್ಲಿ ತೆಳುವಾಗಿಸಿದ ನೀರು, ಪೊಟ್ಯಾಸಿಯಂ ಕ್ರೋಮೇಟಿನ ಹಳದಿ, ಮೇಲಿನಿಂದ ಸಿಲ್ವರ್ ನೈಟ್ರೇಟ್ ಹನಿಹನಿ. ಬಿಳಿ ಕೂಡುತ್ತ ಕೂಡುತ್ತ ಕೊನೆಗೆ ಒಂದು ಹನಿಗೆ ಹಳದಿ ಹೋಗಿ ಮಂಗಳೂರು ಹೆಂಚಿನ ಕೆಂಪು ನಿಂತಿತು. ಕಿಲೋಗೆ 17.7 ಗ್ರಾಂ ಕ್ಲೋರಿನ್. ನುಡ್ಸೆನ್‌ನ ಸೂತ್ರದಿಂದ 32.

ಹೆಚ್ಚು ತೋರಿಸಿದ ಉಪಕರಣ ಕೆಟ್ಟಿರಲಿಲ್ಲ. ಅದರ ಪಟ್ಟಿಯನ್ನು ಬರೀ ಅಡುಗೆ ಉಪ್ಪಿನ ದ್ರಾವಣಕ್ಕೆಂದು ಬರೆದಿದ್ದರು. ಸಮುದ್ರದ ಲವಣದಲ್ಲಿ ಅಡುಗೆ ಉಪ್ಪು ಮುಕ್ಕಾಲು ಪಾಲಿಗಿಂತ ಸ್ವಲ್ಪ ಹೆಚ್ಚು. ಉಳಿದದ್ದು ಮೆಗ್ನೀಸಿಯಂ, ಸಲ್ಫೇಟು, ಕ್ಯಾಲ್ಸಿಯಂ, ಪೊಟ್ಯಾಸಿಯಂ ಇತ್ಯಾದಿ. ಅಷ್ಟೇ ತೂಕಕ್ಕೆ ಇವೆಲ್ಲ ಕೂಡಿ ಬೆಳಕನ್ನು ಕೊಂಚ ಹೆಚ್ಚು ಬಾಗಿಸುತ್ತವೆ. ಹಾಗಾಗಿ 35ರ ಸಮುದ್ರದ ನೀರನ್ನು ಉಪ್ಪಿನ ದ್ರಾವಣದ ಪಟ್ಟಿ 36.5ರ ಆಸುಪಾಸಿನಲ್ಲಿ ತೋರಿಸುತ್ತದೆ. ಎರಡು ಪಟ್ಟಿಯೂ ಸೊನ್ನೆಯಲ್ಲಿ ಕೂಡುವುದರಿಂದ ಶುದ್ಧ ನೀರಿನ ಪರೀಕ್ಷೆಯಲ್ಲಿ ಈ ಅಂತರ ಕಾಣುವುದೇ ಇಲ್ಲ. ಪೆಟ್ಟಿಗೆಯ ಮೇಲೆ ಮಾತ್ರ ಎರಡಕ್ಕೂ "ಸ್ಯಾಲಿನಿಟಿ" ಎಂದೇ ಅಚ್ಚಾಗಿರುತ್ತದೆ.

ಒಂದೂವರೆಯ ತಪ್ಪಿನಿಂದ ಗಜನಿಯ, ಅಂದರೆ ಅಳಿವೆಯಂಚಿನ ತಗ್ಗು ಗದ್ದೆಯ, ಕೆರೆಯ ಸೀಗಡಿಗೆ ಏನೂ ಆಗದು. ಅಘನಾಶಿನಿಯ ನೀರು ಬೇಸಿಗೆಯಲ್ಲಿ ಸಮುದ್ರದಷ್ಟೇ ಉಪ್ಪು, ಮಳೆಗಾಲದಲ್ಲಿ ಬಹುಪಾಲು ಸಿಹಿ. ಅದೇ ಗಜನಿಯಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆದವರಿಗೆ ಆ ಏರಿಳಿತ ಚೆನ್ನಾಗಿ ಗೊತ್ತು. ಅಲ್ಲಿಗೆ ಸಾವಿರಕ್ಕೆ ಸೊನ್ನೆಯಿಂದ ನೂರರವರೆಗಿನ ಸಾದಾ ಉಪಕರಣ ಧಾರಾಳವಾಯಿತು. ಹ್ಯಾಚರಿಯಲ್ಲಿ ಮರಿಗಳಿರುವಲ್ಲಿ ಸಮುದ್ರದ ನೀರಿನ ಪಟ್ಟಿಯದೇ ಬೇಕು. ಇನ್ನು ಉಪ್ಪಿನ ಆಗರಕ್ಕೆ ರಿಫ್ರಾಕ್ಟೋಮೀಟರು ಬೇಕೇ? ನನ್ನನ್ನು ಕೇಳಿದರೆ ಬೇಡ. ನೂರರ ಪಟ್ಟಿ ಅರ್ಧ ದಾರಿಯಲ್ಲೇ ಮುಗಿದುಹೋಗುತ್ತದೆ. ನೂರಕ್ಕೆ 28ರವರೆಗಿನ ಬ್ರೈನ್ (ಅಡುಗೆ ಉಪ್ಪಿನ ದ್ರಾವಣದ) ಪಟ್ಟಿಯದು ಕೊಂಡರೂ, ಹರಳು ಬೀಳತೊಡಗಿದ ಮೇಲೆ ಅದು ದಾರಿ ತಪ್ಪಿಸುತ್ತದೆ: ನೀರಿನಲ್ಲಿ ಅಡುಗೆ ಉಪ್ಪು ಇಳಿಯುತ್ತಿರುತ್ತದೆ, ಮೆಗ್ನೀಸಿಯಂ ಏರುತ್ತಿರುತ್ತದೆ, ಗೆರೆ ಮಾತ್ರ ಉಪ್ಪು ಹೆಚ್ಚಿತೆಂದು ಮೇಲಕ್ಕೇ ಹೋಗುತ್ತದೆ. ಬೋಮೆ ಕೊಳವೆಯೂ ಏರುತ್ತದೆ ನಿಜ, ಆದರೆ ಅದು ಉಪ್ಪು ಇಷ್ಟೆಂದು ಹೇಳುವುದಿಲ್ಲ, ಗಟ್ಟಿ ಇಷ್ಟೆಂದಷ್ಟೇ ಹೇಳುತ್ತದೆ. ಇಪ್ಪತ್ತೊಂಬತ್ತಕ್ಕೆ ನಿಲ್ಲಿಸು ಎಂಬ ಅನುಭವದ ಮಾತೆಲ್ಲ ಅದರ ಅಂಕಿಗಳಲ್ಲೇ ಇದೆ. ಕೈತಪ್ಪಿದರೆ ಒಡೆಯುತ್ತದೆ ಎಂಬುದೊಂದೇ ಅದರ ದೋಷ.

ಕೊಂಡ ಮೇಲೂ ಎರಡು ಜಾಗ್ರತೆ. ನೀರು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಓದಿನಲ್ಲಿ ಸಾವಿರಕ್ಕೆ ಸುಮಾರು ಅರ್ಧದಷ್ಟು ವ್ಯತ್ಯಾಸ ಬರುತ್ತದೆ. ಉಷ್ಣತೆ ಸರಿದೂಗಿಸುವ ವ್ಯವಸ್ಥೆ ಇದ್ದರೂ ಬಿಸಿಲಲ್ಲಿಟ್ಟ ಉಪಕರಣಕ್ಕೆ ಹನಿ ಹಾಕಿ ತಕ್ಷಣ ಕಣ್ಣಿಡಬಾರದು. ಮುಚ್ಚಳ ಹಾಕಿ, ನೆರಳಿನಲ್ಲಿ ಅರ್ಧ ನಿಮಿಷ ತಡೆಯಬೇಕು. ತೀರ ಹೊತ್ತು ತಡೆದರೂ ಹನಿ ಅಂಚಿನಲ್ಲಿ ಆರಿ ಉಪ್ಪು ಹೆಚ್ಚು ತೋರಿಸುತ್ತದೆ. ಎರಡನೆಯದು, ಸೊನ್ನೆಯಲ್ಲಿ ನೋಡಿದ್ದನ್ನು ನೆಚ್ಚಿಕೊಳ್ಳದೆ 35ರಲ್ಲೂ ಒಮ್ಮೆ ನೋಡಬೇಕು. ಕೋಪನ್‌ಹೇಗನ್ನಿನ ನೀರು ಬೇಡ. ಶುದ್ಧ ಸೋಡಿಯಂ ಕ್ಲೋರೈಡನ್ನು ಚೆನ್ನಾಗಿ ಒಣಗಿಸಿ 36.5 ಗ್ರಾಂ ತೂಗಿ, 963.5 ಗ್ರಾಂ ಬಟ್ಟಿ ನೀರಿನಲ್ಲಿ ಕರಗಿಸಿ. ಅದರ ಒಂದು ಹನಿಗೆ ಸಮುದ್ರದ ನೀರಿನ ಪಟ್ಟಿ 35 ತೋರಿಸುತ್ತದೆ. 36.5 ತೋರಿಸಿದರೆ ನಿಮ್ಮ ಕೈಯಲ್ಲಿರುವುದು ಬ್ರೈನಿನ ಉಪಕರಣ. ವಾಪಸು ತಗೊಳ್ಳುತ್ತಾನೋ ಇಲ್ಲವೋ ಅಂಗಡಿಯವನನ್ನು ಕೇಳಿ ನೋಡಿ, ಇಲ್ಲವಾದರೆ ಪ್ರತಿ ಓದಿನಿಂದ ನೂರಕ್ಕೆ ನಾಲ್ಕು ಕಳೆದು ಬರೆದುಕೊಳ್ಳಿ.